ಸಾಲ ಸೆಟಲ್ ಆಯ್ತು, ಮನೆ ಸಾಲ ಯಾಕೆ ಸಿಗುತ್ತಿಲ್ಲ?

2025ರ ಆಗಸ್ಟ್‌ನಲ್ಲಿ ಒಂದು ಸುದ್ದಿ ವಾಟ್ಸಾಪ್ ಗುಂಪುಗಳಲ್ಲಿ ಜೋರಾಗಿ ಓಡಾಡಿತು. ಸಾಲ ಕೊಡಲು ಇನ್ನು ಸಿಬಿಲ್ ಸ್ಕೋರ್ (ಹಿಂದಿನ ಸಾಲ ಹೇಗೆ ಕಟ್ಟಿದ್ದೀರಿ ಅನ್ನುವುದಕ್ಕೆ ಕೊಡುವ ಅಂಕ) ನೋಡುವ ಹಾಗಿಲ್ಲ, ಸರ್ಕಾರವೇ ಹಾಗೆ ಹೇಳಿದೆ ಅನ್ನುವ ಧಾಟಿಯಲ್ಲಿ. ಕ್ರೆಡಿಟ್ ಕಾರ್ಡ್ ಬಾಕಿಯಲ್ಲಿ ಮುಳುಗಿ, ಕೊನೆಗೆ ಬ್ಯಾಂಕಿನ ಜೊತೆ ಮಾತಾಡಿ ಅರ್ಧಕ್ಕೋ ಮುಕ್ಕಾಲಿಗೋ ಮುಗಿಸಿಕೊಂಡವರಿಗೆ ಇದು ಸಿಹಿಸುದ್ದಿಯಂತೆ ಕೇಳಿಸಿತು. ಆದರೆ ಅವರು ಮನೆ ಸಾಲಕ್ಕೆ ಅರ್ಜಿ ಹಾಕಿದರೆ ಬರುವ ಉತ್ತರ ಮೊದಲಿನದೇ. ಸಂಬಳ ಸರಿಯಾಗಿದೆ, ಸೈಟಿನ ಕಾಗದಪತ್ರ ಸರಿಯಾಗಿದೆ, ಆದರೂ ಫೈಲ್ ವಾಪಸ್.

ಯಾಕೆ ಹೀಗೆ? ಸೋತು ಕೈಚೆಲ್ಲಿದ ಸಾಲಗಾರನಿಗೆ ನಮ್ಮ ವ್ಯವಸ್ಥೆಯಲ್ಲಿ ಮತ್ತೆ ಮನೆ ಸಾಲ ಸಿಗುವ ದಿನ ಯಾವುದು?

ಮಂತ್ರಿಗಳು ಹೇಳಿದ್ದೇನು

ಹಣಕಾಸು ಖಾತೆ ರಾಜ್ಯ ಸಚಿವ ಪಂಕಜ್ ಚೌಧರಿ ಲೋಕಸಭೆಯಲ್ಲಿ ಕೊಟ್ಟ ಉತ್ತರದಲ್ಲಿ ಇದ್ದಿದ್ದು ಮುಖ್ಯವಾಗಿ ಎರಡು ಮಾತು. ಸಾಲ ಕೊಡಲು ಇಷ್ಟೇ ಸ್ಕೋರ್ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲೂ ನಿಗದಿ ಮಾಡಿಲ್ಲ. ಮೊದಲ ಸಲ ಸಾಲ ಕೇಳುವವರಿಗೆ ಹಿಂದಿನ ಸಾಲದ ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು. ಎರಡನೆಯದು 2025ರ ಜನವರಿ 6ರ ರಿಸರ್ವ್ ಬ್ಯಾಂಕ್ ನಿರ್ದೇಶನದಲ್ಲೇ ಇತ್ತು.

ಇಲ್ಲಿ ರಕ್ಷಣೆ ಸಿಕ್ಕಿದ್ದು ಚರಿತ್ರೆಯೇ ಇಲ್ಲದವರಿಗೆ. ಚರಿತ್ರೆ ಇದ್ದು ಅದು ಕೆಟ್ಟಿದ್ದವರಿಗೆ ಅಲ್ಲ. ಸಾಲ ಕೇಳುವವರ ನಡವಳಿಕೆ, ತಡವಾದ ಕಂತುಗಳು, ಸೆಟಲ್ ಆದ ಸಾಲ, ರೈಟ್ ಆಫ್ ಆದ, ಅಂದರೆ ಬ್ಯಾಂಕ್ ತನ್ನ ಲೆಕ್ಕದಿಂದ ತೆಗೆದ ಸಾಲ, ಇವನ್ನೆಲ್ಲ ಬ್ಯಾಂಕ್ ಪರಿಶೀಲಿಸಬೇಕು ಅನ್ನುವ ಮಾತೂ ಅದೇ ಉತ್ತರದಲ್ಲಿತ್ತು. ಸುದ್ದಿ ಹರಡಿದವರು ಆ ಭಾಗವನ್ನು ಬಿಟ್ಟರು. ಸರಿಯಾಗಿ ಓದಿದರೆ ಸೆಟಲ್ ಮಾಡಿಕೊಂಡವರ ಪಾಲಿಗೆ ಆ ಉತ್ತರ ಎಚ್ಚರಿಕೆಯೇ ಆಗಿತ್ತು.

ವರದಿಯೊಳಗೆ ಕಾಣುವುದು

ಸ್ಕೋರ್ ಅನ್ನುವುದು 300ರಿಂದ 900ರ ನಡುವಿನ ಒಂದು ಸಂಖ್ಯೆ. ಎಲ್ಲರ ಕಣ್ಣೂ ಅದರ ಮೇಲೆ. ಆದರೆ ಮನೆ ಸಾಲದ ಫೈಲ್ ನೋಡುವವರು ಸ್ಕೋರ್ ನೋಡಿ ಸುಮ್ನಾಗುವುದಿಲ್ಲ, ಅದರ ಹಿಂದಿರುವ ಕ್ರೆಡಿಟ್ ವರದಿ ಬಿಚ್ಚಿ ಒಂದೊಂದು ಸಾಲದ ಖಾತೆಯನ್ನೂ ನೋಡುತ್ತಾರೆ.

ಒಂದು ಹಳೇ ಕ್ರೆಡಿಟ್ ಕಾರ್ಡ್ ಖಾತೆಯ ಪುಟ ಹೀಗಿರುತ್ತದೆ. ಕಾರ್ಡ್ ತೆಗೆದುಕೊಂಡ ದಿನಾಂಕ. ಮುಚ್ಚಿದ ದಿನಾಂಕ. ಈಗಿನ ಬಾಕಿ ಸೊನ್ನೆ. ಅದರ ಪಕ್ಕದಲ್ಲೇ ಸ್ಥಿತಿ ಅನ್ನುವ ಕಡೆ 'ಸೆಟಲ್ಡ್' ಎಂಬ ಪದ, ಕೆಳಗೆ ಎಷ್ಟು ಮೊತ್ತಕ್ಕೆ ಸೆಟಲ್ ಆಯಿತು, ಎಷ್ಟು ರೈಟ್ ಆಫ್ ಆಯಿತು ಅನ್ನುವ ಅಂಕಿ. ಅದಕ್ಕೂ ಕೆಳಗೆ ತಿಂಗಳ ಲೆಕ್ಕದ ಸಣ್ಣ ಸಣ್ಣ ಚೌಕಗಳು, 36 ತಿಂಗಳವರೆಗೆ. ಸರಿಯಾಗಿ ಕಟ್ಟಿದ ತಿಂಗಳು 000. ಆಮೇಲೆ 030, 060, 090 ಅಂತ ಏರುತ್ತಾ ಹೋಗುತ್ತದೆ. ಗಡುವು ದಾಟಿ ಎಷ್ಟು ದಿನ ಆಯಿತು ಅನ್ನುವ ಲೆಕ್ಕ ಅದು. 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಸಾಲ ಮಾಡಿದವನು ಸುಸ್ತಿದಾರ.

ಆ ಚೌಕಗಳನ್ನು ಓದಲು ಬಲ್ಲ ಅಧಿಕಾರಿಗೆ ಒಂದು ಕುಟುಂಬದ ಮೂರು ವರ್ಷದ ಕಷ್ಟ ಅಷ್ಟರಲ್ಲೇ ಕಾಣುತ್ತದೆ. ಕೆಲಸ ಯಾವ ತಿಂಗಳು ಹೋಗಿರಬೇಕು, ಮೊದಲು ಯಾವ ಸಾಲ ನಿಲ್ಲಿಸಿದರು, ಯಾವುದನ್ನು ಹೇಗಾದರೂ ಮಾಡಿ ಕಟ್ಟಿಕೊಂಡು ಬಂದರು ಅಂತ ಊಹಿಸಬಹುದು. ಕಾಣದೇ ಇರುವುದು ಕಾರಣ ಮಾತ್ರ. ಆಸ್ಪತ್ರೆ ಖರ್ಚಿಗೆ ಸುಸ್ತಿ ಬಿದ್ದವನ ಚೌಕಗಳೂ, ಜೂಜಿನ ಆಪ್‌ನಲ್ಲಿ ಕಳೆದುಕೊಂಡವನ ಚೌಕಗಳೂ ಒಂದೇ ಥರ ಇರುತ್ತವೆ.

ಇನ್ನೂ ಒಂದು ವಿಷಯ. ಸೆಟಲ್ಡ್ ಬೇರೆ, ಕ್ಲೋಸ್ಡ್ ಬೇರೆ. ಪೂರ್ತಿ ಕಟ್ಟಿ ಮುಗಿಸಿದರೆ ಕ್ಲೋಸ್ಡ್. ಕಡಿಮೆ ಕಟ್ಟಿ ರಾಜಿ ಮಾಡಿಕೊಂಡರೆ ಸೆಟಲ್ಡ್. ಇವೆರಡರಲ್ಲೂ ಬಾಕಿ ಸೊನ್ನೆಯೇ. ವಸೂಲಿಗೆ ಫೋನ್ ಮಾಡುವ ಏಜೆಂಟ್ ಒಟಿಎಸ್ (ಒಂದೇ ಸಲ ಕಡಿಮೆ ಕಟ್ಟಿ ಮುಗಿಸುವ ರಾಜಿ) ಮಾಡಿಕೊಳ್ಳಿ, ಎಲ್ಲ ಕ್ಲಿಯರ್ ಆಗುತ್ತೆ ಅನ್ನುವಾಗ ಈ ವ್ಯತ್ಯಾಸ ಬಿಡಿಸಿ ಹೇಳುವುದು ಅಪರೂಪ. ಅವನಿಗೆ ಬೇಕಿರುವುದು ಆ ತಿಂಗಳ ವಸೂಲಿ.

ರೈಟ್ ಆಫ್ ಅಂದರೆ ಮನ್ನಾ ಅಲ್ಲ

ಬ್ಯಾಂಕುಗಳು ಇಷ್ಟು ಲಕ್ಷ ಕೋಟಿ ರೈಟ್ ಆಫ್ ಮಾಡಿದವು ಎಂಬ ಸುದ್ದಿ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ದೊಡ್ಡವರಿಗೆ ಮನ್ನಾ, ನಮಗೆ ಮಾತ್ರ ಕಾಟ ಅಂತ ಜನ ಸಿಟ್ಟಾಗುತ್ತಾರೆ. ಸಿಟ್ಟಿಗೆ ಬೇರೆ ಕಾರಣಗಳಿರಬಹುದು, ಆದರೆ ರೈಟ್ ಆಫ್ ಅನ್ನುವುದು ಬ್ಯಾಂಕಿನ ಪುಸ್ತಕದ ಲೆಕ್ಕ. ವಸೂಲಾಗುವ ಆಸೆ ಕಡಿಮೆ ಇರುವ ಸಾಲವನ್ನು ಆಸ್ತಿ ಪಟ್ಟಿಯಿಂದ ತೆಗೆಯುತ್ತಾರೆ. ಸಾಲಗಾರನ ಹೊಣೆ ಹಾಗೇ ಇರುತ್ತದೆ, ವಸೂಲಿಯೂ ನಡೆಯುತ್ತಿರುತ್ತದೆ.

ಆದ್ದರಿಂದ ವರದಿಯಲ್ಲಿ 'ರಿಟನ್ ಆಫ್' ಅಂತ ಇದ್ದು ಬಾಕಿಯೂ ಕಾಣುತ್ತಿದ್ದರೆ ಅದು ಸೆಟಲ್ಡ್‌ಗಿಂತ ಕೆಟ್ಟದ್ದು. ಸೆಟಲ್ ಆದವನ ಮೇಲೆ ಹಳೇ ಬ್ಯಾಂಕ್ ಮತ್ತೆ ಹಕ್ಕು ಹೇಳುವುದಿಲ್ಲ. ರೈಟ್ ಆಫ್ ಆದವನ ಮೇಲೆ ಹೇಳಬಹುದು. ಹೊಸ ಬ್ಯಾಂಕ್ ಮನೆ ಸಾಲ ಕೊಟ್ಟ ಮೇಲೆ ಹಳೇ ಬ್ಯಾಂಕ್ ಅವನ ಸಂಬಳದ ಮೇಲೆ ಕೋರ್ಟಿಗೆ ಹೋದರೆ ಕಂತು ಕಟ್ಟುವವರು ಯಾರು ಅನ್ನುವುದೇ ಅಲ್ಲಿನ ಭಯ.

ಹಳೇ ಸಾಲವನ್ನು ಬ್ಯಾಂಕ್, ಕೆಟ್ಟ ಸಾಲಗಳನ್ನು ಕೊಂಡು ವಸೂಲಿ ಮಾಡುವ ಒಂದು ಆಸ್ತಿ ಪುನರ್‌ರಚನಾ ಕಂಪನಿಗೆ ಮಾರಿಬಿಟ್ಟಿದ್ದರೆ ಗೋಜಲು ಇನ್ನೂ ಜಾಸ್ತಿ. ಬ್ಯಾಂಕಿಗೆ ಹೋದರೆ ಅವರ ಹತ್ತಿರ ಕೇಳಿ ಅನ್ನುತ್ತಾರೆ. ಬಾಕಿ ಇಲ್ಲ ಅನ್ನುವ ನೋ ಡ್ಯೂ ಸರ್ಟಿಫಿಕೇಟ್ ಕೊಡಬೇಕಾದದ್ದು ಈಗ ಆ ಕಂಪನಿ, ಅದರ ಹೆಸರನ್ನೇ ಸಾಲಗಾರ ಕೇಳಿರುವುದಿಲ್ಲ.

ಕನಿಷ್ಠ ಇದೆ, ಗರಿಷ್ಠ ಇಲ್ಲ

2023ರ ಜೂನ್ 8ರಂದು ರಿಸರ್ವ್ ಬ್ಯಾಂಕ್ ರಾಜಿ ಇತ್ಯರ್ಥಗಳ ಬಗ್ಗೆ ಒಂದು ಚೌಕಟ್ಟು ಹೊರಡಿಸಿತು. ರಾಜಿ ಮಾಡಿಕೊಂಡ ಸಾಲಗಾರನಿಗೆ ಮತ್ತೆ ಸಾಲ ಕೊಡುವ ಮುಂಚೆ ಕೂಲಿಂಗ್ ಪೀರಿಯಡ್, ಅಂದರೆ ಒಂದು ವಿರಾಮದ ಅವಧಿ ಇರಬೇಕು. ಕೃಷಿ ಸಾಲ ಬಿಟ್ಟು ಉಳಿದ ಸಾಲಗಳಿಗೆ ಅದು ಕನಿಷ್ಠ 12 ತಿಂಗಳು. ಅದಕ್ಕಿಂತ ಜಾಸ್ತಿ ಇಡಬೇಕಾ ಅನ್ನುವುದನ್ನು ಆಯಾ ಬ್ಯಾಂಕಿನ ಆಡಳಿತ ಮಂಡಳಿ ತೀರ್ಮಾನಿಸಬಹುದು.

ಆಗ ಗಲಾಟೆ ಆಗಿದ್ದು ಬೇರೆ ಕಾರಣಕ್ಕೆ. ಬೇಕಂತಲೇ ಸಾಲ ಕಟ್ಟದವರ ಜೊತೆಗೂ ರಾಜಿ ಮಾಡಿಕೊಳ್ಳಬಹುದು ಅನ್ನುವ ಅಂಶವನ್ನು ಬ್ಯಾಂಕ್ ನೌಕರರ ಮತ್ತು ಅಧಿಕಾರಿಗಳ ಸಂಘಗಳು ವಿರೋಧಿಸಿದವು, ರಿಸರ್ವ್ ಬ್ಯಾಂಕ್ ಅದೇ ತಿಂಗಳು ಪ್ರಶ್ನೋತ್ತರದ ರೂಪದಲ್ಲಿ ಸ್ಪಷ್ಟನೆ ಕೊಡಬೇಕಾಯಿತು. ಆ ಗದ್ದಲದಲ್ಲಿ ಸಾಮಾನ್ಯ ಸಾಲಗಾರನ ಭಾಗ ಚರ್ಚೆಗೇ ಬರಲಿಲ್ಲ.

12 ತಿಂಗಳು ಆಯಿತು, ಈಗ ಸಾಲ ಸಿಗಬೇಕು ಅಂತ ಅನೇಕರು ತಿಳಿದಿದ್ದಾರೆ. ಚೌಕಟ್ಟು ಹೇಳುವುದು 12 ತಿಂಗಳ ಒಳಗೆ ಕೊಡಬಾರದು ಅಂತ. ಆಮೇಲೆ ಕೊಡಲೇಬೇಕು ಅಂತ ಯಾರೂ ಹೇಳಿಲ್ಲ.

ಮಾಹಿತಿ ಇಟ್ಟುಕೊಳ್ಳುವ ನಿಯಮವೂ ಇದೇ ಥರ. ನಮ್ಮಲ್ಲಿ ನಾಲ್ಕು ಸಾಲ ಮಾಹಿತಿ ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಇವು ನಡೆಯುವುದು 2005ರ ಕಾಯ್ದೆಯ ಅಡಿಯಲ್ಲಿ. ಸಾಲದ ಮಾಹಿತಿಯನ್ನು ಕನಿಷ್ಠ 7 ವರ್ಷ ಉಳಿಸಿಕೊಳ್ಳಬೇಕು ಅನ್ನುತ್ತದೆ ನಿಯಮ. 7 ವರ್ಷ ಆದ ಮೇಲೆ ಅಳಿಸಲೇಬೇಕು ಅನ್ನುವುದಿಲ್ಲ. ಏಳು ವರ್ಷಕ್ಕೆ ಎಲ್ಲ ಹೋಗುತ್ತೆ ಎಂಬ ನಂಬಿಕೆ ಹುಟ್ಟಿದ್ದು ಈ ಕನಿಷ್ಠವನ್ನು ಗರಿಷ್ಠ ಅಂತ ಓದಿದ್ದರಿಂದ.

ಈ ಎರಡು ನಿಯಮಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಚಿತ್ರ ಗೊತ್ತಾಗುತ್ತದೆ. ಶಿಕ್ಷೆ ಎಲ್ಲಿಂದ ಶುರು ಅಂತ ಬರೆದಿದೆ, ಎಲ್ಲಿಗೆ ಮುಗಿಯುತ್ತದೆ ಅಂತ ಬರೆದಿಲ್ಲ. ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಇದೇ.

ಪಾಪರ್ ಆದರೆ?

ಹಾಗಾದರೆ ಕೋರ್ಟಿಗೆ ಹೋಗಿ ದಿವಾಳಿ ಅಂತ ಘೋಷಿಸಿಕೊಂಡರೆ ಹೊಸದಾಗಿ ಶುರು ಮಾಡಬಹುದಲ್ವಾ ಅಂತ ಕೇಳಬಹುದು. 2016ರಲ್ಲಿ ದಿವಾಳಿ ಸಂಹಿತೆ ಬಂದಿದೆ, ಪತ್ರಿಕೆಯಲ್ಲಿ ದಿನಾ ಅದರ ಸುದ್ದಿ ಇರುತ್ತದೆ. ಆದರೆ ಆ ಸುದ್ದಿಯೆಲ್ಲ ಕಂಪನಿಗಳದ್ದು.

ಸಂಹಿತೆಯ ಮೂರನೇ ಭಾಗ ವ್ಯಕ್ತಿಗಳಿಗೆ ಸಂಬಂಧಿಸಿದ್ದು. ಅದರಲ್ಲಿ ಒಳ್ಳೆಯ ವ್ಯವಸ್ಥೆಗಳೇ ಇವೆ. ವರ್ಷಕ್ಕೆ 60,000 ರೂಪಾಯಿಗಿಂತ ಹೆಚ್ಚು ಆದಾಯ ಇಲ್ಲದ, 20,000 ರೂಪಾಯಿಗಿಂತ ಹೆಚ್ಚು ಆಸ್ತಿ ಇಲ್ಲದ, ಸ್ವಂತ ಮನೆ ಇಲ್ಲದ ಬಡವರ 35,000 ರೂಪಾಯಿವರೆಗಿನ ಸಾಲಕ್ಕೆ ಹೊಸ ಆರಂಭದ ಅವಕಾಶವಿದೆ. ಉಳಿದವರಿಗೆ ಮರುಪಾವತಿ ಯೋಜನೆ. ಅದೂ ಆಗದಿದ್ದರೆ ದಿವಾಳಿ ಆದೇಶ, ಒಂದು ವರ್ಷ ಕಳೆದ ಮೇಲೆ ವಿಮೋಚನೆ. ಅಂದರೆ ಕಾಗದದ ಮೇಲೆ ಮುಗಿಯುವ ದಿನಾಂಕ ಇದೆ.

ಆದರೆ ಈ ಭಾಗ ಎಲ್ಲರಿಗೂ ಜಾರಿಯಾಗಿಲ್ಲ. 2019ರ ಡಿಸೆಂಬರ್ 1ರಿಂದ ಜಾರಿಯಾಗಿದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಆ ನಿಯಮಗಳನ್ನು ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ಎತ್ತಿಹಿಡಿಯಿತು. ದೊಡ್ಡ ಉದ್ಯಮಿಗಳನ್ನು ಹಿಡಿಯಲು ಬೇಕಾದಷ್ಟನ್ನು ತಂದು, ಸಂಬಳದಾರ, ಅಂಗಡಿಯವ, ಆಟೋ ಓಡಿಸುವವನಿಗೆ ಬೇಕಾದ್ದನ್ನು ಹಾಗೇ ಇಟ್ಟಿದ್ದಾರೆ. ವ್ಯಕ್ತಿಗಳ ಅರ್ಜಿ ಹೋಗಬೇಕಾದದ್ದು ಸಾಲ ವಸೂಲಾತಿ ನ್ಯಾಯಮಂಡಳಿಗೆ. 20 ಲಕ್ಷ ರೂಪಾಯಿ ಮೇಲಿನ ಬ್ಯಾಂಕ್ ವಸೂಲಿ ಪ್ರಕರಣಗಳಲ್ಲೇ ಆ ಮಂಡಳಿಗಳು ಮುಳುಗಿವೆ. ಪ್ರತಿ ಊರಿನ ಕ್ರೆಡಿಟ್ ಕಾರ್ಡ್ ಕೇಸೂ ಅಲ್ಲಿಗೆ ಬಂದರೆ ಏನಾಗಬಹುದು ಅಂತ ಊಹಿಸುವುದು ಕಷ್ಟವಲ್ಲ.

ಹೀಗಾಗಿ ಸಾಮಾನ್ಯ ಮನುಷ್ಯನಿಗೆ ಉಳಿದಿರುವುದು ಬ್ರಿಟಿಷರ ಕಾಲದ ಕಾನೂನು: ಕಲ್ಕತ್ತಾ, ಬಾಂಬೆ, ಮದ್ರಾಸ್ ನಗರಗಳಿಗೆ 1909ರದ್ದು, ಉಳಿದ ಕಡೆಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆ. 1920ರ ಕಾಯ್ದೆ ಓದಿದರೆ ಅದು ಯಾವ ಕಾಲದ್ದು ಅಂತ ಮೊತ್ತಗಳೇ ಹೇಳುತ್ತವೆ. 500 ರೂಪಾಯಿ ಸಾಲ ಇದ್ದರೆ ಅರ್ಜಿ ಹಾಕಬಹುದು. ವಿಮೋಚನೆ ಸಿಗದ ದಿವಾಳಿದಾರ ಆ ವಿಷಯ ಮುಚ್ಚಿಟ್ಟು ಯಾರ ಹತ್ತಿರವಾದರೂ 50 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲ ಪಡೆದರೆ ಆರು ತಿಂಗಳವರೆಗೆ ಜೈಲು. ಇವತ್ತು ಕಾಫಿ ತಿಂಡಿ ಉದ್ರಿ ಹೇಳಿದರೂ ಆ ಮೊತ್ತ ದಾಟುತ್ತದೆ.

ವಿಮೋಚನೆ ತಾನಾಗಿ ಸಿಗುವುದಿಲ್ಲ. ಕೋರ್ಟ್ ಹೇಳಿದ ಅವಧಿಯೊಳಗೆ ಅರ್ಜಿ ಹಾಕಿ ಕೇಳಬೇಕು. ಕೇಳದಿದ್ದರೆ ದಿವಾಳಿ ಘೋಷಣೆಯೇ ರದ್ದಾಗಬಹುದು. ಹೋದ ಸಾಲ ಮತ್ತೆ ಹೆಗಲೇರುತ್ತದೆ. ವಿಮೋಚನೆ ಆಗುವವರೆಗೆ ಶಾಸಕ, ಸಂಸದ ಸ್ಥಾನಕ್ಕೂ ಅನರ್ಹ, ಅದನ್ನು ಸಂವಿಧಾನವೇ ಹೇಳುತ್ತದೆ. ಇಷ್ಟೆಲ್ಲ ಆಗಿ ಪಾಪರ್ ಅನ್ನುವ ಹೆಸರು ಬೇರೆ. ಅದಕ್ಕೇ ನಮ್ಮಲ್ಲಿ ಜನ ಕೋರ್ಟಿಗೆ ಹೋಗುವ ಬದಲು ಬ್ಯಾಂಕಿನ ಜೊತೆ ಒಟಿಎಸ್ ಮಾಡಿಕೊಳ್ಳುತ್ತಾರೆ. ಭಾರತದಲ್ಲಿ ಸೆಟಲ್‌ಮೆಂಟ್ ಅನ್ನುವುದೇ ಜನಸಾಮಾನ್ಯರ ದಿವಾಳಿ ಕಾನೂನು. ಆದರೆ ಅದು ಕಾನೂನಲ್ಲ, ಎರಡು ಪಕ್ಷಗಳ ನಡುವಿನ ಒಂದು ಪತ್ರ. ಆ ಪತ್ರಕ್ಕೆ ಸಹಿ ಹಾಕದ ಮೂರನೇ ಬ್ಯಾಂಕಿಗೆ ಅದರ ಮರ್ಯಾದೆ ಕಾಯುವ ಹಂಗಿಲ್ಲ.

ಅಮೆರಿಕದಲ್ಲಿ ಗಡಿಯಾರ ಇದೆ

ಹೋಲಿಸಿ ನೋಡಲು ಅಮೆರಿಕ ಒಳ್ಳೆಯ ಉದಾಹರಣೆ. ಅಲ್ಲಿ ಚಾಪ್ಟರ್ 7 ದಿವಾಳಿಯಲ್ಲಿ ಮಾರಬಹುದಾದ ಆಸ್ತಿ ಮಾರಿ ಉಳಿದ ಸಾಲದಿಂದ ಕೋರ್ಟ್ ಬಿಡುಗಡೆ ಕೊಡುತ್ತದೆ. ಚಾಪ್ಟರ್ 13ರಲ್ಲಿ ಮೂರರಿಂದ ಐದು ವರ್ಷ ಕಂತು ಕಟ್ಟುವ ಯೋಜನೆ.

ಆಮೇಲೆ ಮನೆ ಸಾಲ ಯಾವಾಗ? ಉತ್ತರ ದಿನಾಂಕದಲ್ಲೇ ಸಿಗುತ್ತದೆ. ಸರ್ಕಾರದ ವಿಮೆ ಇರುವ ಎಫ್‌ಎಚ್‌ಎ ಸಾಲಕ್ಕೆ ಚಾಪ್ಟರ್ 7 ಬಿಡುಗಡೆಯಾಗಿ ಸಾಮಾನ್ಯವಾಗಿ 2 ವರ್ಷ. ಚಾಪ್ಟರ್ 13ರಲ್ಲಿದ್ದರೆ 12 ತಿಂಗಳು ಸರಿಯಾಗಿ ಕಟ್ಟಿ, ಕೋರ್ಟಿನ ಅನುಮತಿ ಪಡೆದು, ಯೋಜನೆ ನಡೆಯುತ್ತಿರುವಾಗಲೇ ಅರ್ಜಿ ಹಾಕಬಹುದು. ಬ್ಯಾಂಕುಗಳಿಂದ ಮನೆ ಸಾಲ ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದಂತೆ ಸಾಮಾನ್ಯ ಸಾಲಕ್ಕೆ ಚಾಪ್ಟರ್ 7 ಆದ ಮೇಲೆ 4 ವರ್ಷ ಕಾಯಬೇಕು. ಕೈಮೀರಿದ ಕಾರಣ ಇತ್ತು ಅಂತ ದಾಖಲೆ ಸಮೇತ ತೋರಿಸಿದರೆ ಅದು 2 ವರ್ಷಕ್ಕೆ ಇಳಿಯುತ್ತದೆ. ದಿವಾಳಿಯ ಮಾಹಿತಿ ಕ್ರೆಡಿಟ್ ವರದಿಯಲ್ಲಿ 10 ವರ್ಷಕ್ಕಿಂತ ಹೆಚ್ಚು, ಉಳಿದ ಹೆಚ್ಚಿನ ಕೆಟ್ಟ ದಾಖಲೆಗಳು 7 ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ನಮ್ಮಲ್ಲಿ ಕನಿಷ್ಠ ಇರುವ ಜಾಗದಲ್ಲಿ ಅಲ್ಲಿ ಗರಿಷ್ಠ ಇದೆ.

ಅವಧಿ ಮುಗಿದರೆ ಸಾಲ ಖಾತ್ರಿ ಅಂತ ಅಲ್ಲಿಯೂ ಇಲ್ಲ. ಸಂಬಳ, ಉಳಿದ ಸಾಲ, ಹೊಸ ನಡವಳಿಕೆ ಎಲ್ಲ ನೋಡುತ್ತಾರೆ. ಆದರೆ ಹಳೆಯದನ್ನು ಎಷ್ಟು ದಿನ ಎತ್ತಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ.

ಅಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಒಂದು ತಿರುವು ಬಂದಿದೆ. ದಿವಾಳಿ ಅರ್ಜಿ ಹಾಕಲು ಅಮೆರಿಕದ ಪೌರತ್ವ ಬೇಕಿಲ್ಲ, ಎಚ್-1ಬಿ ವೀಸಾದವರೂ ಹಾಕಬಹುದು. ಆದರೆ 2025ರ ಮೇ 25ರಿಂದ ಕಾಯಂ ನಿವಾಸಿಗಳಲ್ಲದವರಿಗೆ ಎಫ್‌ಎಚ್‌ಎ ವಿಮೆಯ ಸಾಲ ನಿಂತಿದೆ. ಅಂದರೆ ಲೇಆಫ್ ಆಗಿ, ಕಾರ್ಡ್ ಸಾಲ ಏರಿ, ಚಾಪ್ಟರ್ 7ಕ್ಕೆ ಹೋದ ಎಚ್-1ಬಿ ನೌಕರನಿಗೆ 2 ವರ್ಷದ ದಾರಿ ಮುಚ್ಚಿತು. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುವ ಭಾರತೀಯರಿಗೆ ಇದರ ಬಿಸಿ ಜಾಸ್ತಿ. ಅವರಿಗೀಗ ಹೆಚ್ಚು ಕಡಿಮೆ 4 ವರ್ಷದ ದಾರಿಯೇ ಗತಿ.

ಬ್ಯಾಂಕಿನವರ ವಾದ

ಬ್ಯಾಂಕುಗಳನ್ನು ಸುಮ್ನೆ ಬೈದರೆ ಪ್ರಯೋಜನ ಇಲ್ಲ, ಅವರ ಮಾತಿನಲ್ಲೂ ಹುರುಳಿದೆ. ಅವರು ಕೊಡುವುದು ಠೇವಣಿದಾರರ ದುಡ್ಡು. ಮನೆ ಸಾಲದಲ್ಲಿ ಬಡ್ಡಿಯ ಲಾಭ ತೆಳು, ಅವಧಿ 20 ವರ್ಷ. ಕಾರ್ಡ್ ಸಾಲದಲ್ಲಿ ನಾಲ್ಕು ಜನ ಕೈಕೊಟ್ಟರೂ ಉಳಿದವರ ಬಡ್ಡಿಯಲ್ಲಿ ಸರಿದೂಗಿಸಬಹುದು, ಇಲ್ಲಿ ಆಗುವುದಿಲ್ಲ.

ಮನೆಯೇ ಅಡಮಾನ ಇರುವಾಗ ಭಯ ಯಾಕೆ ಅಂತ ಕೇಳಿದರೆ ಅದಕ್ಕೂ ಉತ್ತರ ಇದೆ. 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್ ಕೊಟ್ಟು ಮನೆ ವಶಕ್ಕೆ ತೆಗೆದುಕೊಳ್ಳಬಹುದು ನಿಜ. ಆದರೆ ಸಾಲಗಾರ ನ್ಯಾಯಮಂಡಳಿಗೆ ಹೋಗಬಹುದು, ಜನ ವಾಸ ಇರುವ ಮನೆ ಖಾಲಿ ಮಾಡಿಸುವುದು ಕಷ್ಟ, ಹರಾಜಿನಲ್ಲಿ ಕೊಳ್ಳುವವರು ಕಡಿಮೆ ಬೆಲೆಗೆ ಕೇಳುತ್ತಾರೆ. ಸೆಟಲ್ ಮಾಡಿಕೊಂಡವರಿಗೂ ಪೂರ್ತಿ ಕಟ್ಟಿದವರಿಗೂ ಒಂದೇ ಬಡ್ಡಿಗೆ ಸಾಲ ಕೊಟ್ಟರೆ ಪ್ರಾಮಾಣಿಕವಾಗಿ ಕಟ್ಟಿದವನು ದಡ್ಡನಾಗುತ್ತಾನೆ ಅನ್ನುವುದು ಅವರ ಇನ್ನೊಂದು ಮಾತು. ಇದನ್ನು ತಳ್ಳಿಹಾಕುವುದು ಸುಲಭವಲ್ಲ.

ಸಾಲಗಾರರ ಪರ ನಿಲ್ಲುವವರು ಕೇಳುವುದು ಬೇರೆ. ರಾಜಿ ಅನ್ನುವುದು ಬ್ಯಾಂಕೂ ಒಪ್ಪಿ ಸಹಿ ಹಾಕಿದ್ದು. ಅದರಿಂದ ಬ್ಯಾಂಕಿಗೂ ಲಾಭವಾಗಿದೆ, ಇಲ್ಲದಿದ್ದರೆ ಏನೂ ಬರುತ್ತಿರಲಿಲ್ಲ. ಹಾಗಿರುವಾಗ ಅದರ ಗುರುತು ಒಬ್ಬನ ಮೇಲೆ ಮಾತ್ರ, ಅದೂ ಅವಧಿಯಿಲ್ಲದೆ ಯಾಕೆ? ಕೋವಿಡ್ ಸಮಯದಲ್ಲಿ ಲಕ್ಷಾಂತರ ಜನರ ಸಂಬಳ ನಿಂತಿದ್ದು ಅವರ ತಪ್ಪೇ?

ನ್ಯಾಯಾಲಯಗಳೂ ಎರಡೂ ಕಡೆ ಮಾತಾಡಿವೆ. ಕಡಿಮೆ ಸಿಬಿಲ್ ಸ್ಕೋರ್ ಇದೆ ಎಂಬ ಕಾರಣಕ್ಕೆ ವಿದ್ಯಾರ್ಥಿಯ ಶಿಕ್ಷಣ ಸಾಲ ತಿರಸ್ಕರಿಸಬಾರದು ಅಂತ 2023ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಸಾಲದ ದಾಖಲೆ ಕೆಟ್ಟಿದ್ದ ಅಭ್ಯರ್ಥಿಯೊಬ್ಬರ ನೇಮಕವನ್ನು ಸ್ಟೇಟ್ ಬ್ಯಾಂಕ್ ರದ್ದು ಮಾಡಿದ್ದು ಸರಿ ಅಂತ 2025ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಮನೆ ಸಾಲ ಈ ಎರಡರ ನಡುವೆ ಎಲ್ಲೋ ಇದೆ.

ಬ್ಯಾಂಕಿನಿಂದ ವಾಪಸ್ ಬಂದವರು ಎಲ್ಲಿಗೆ ಹೋಗುತ್ತಾರೆ

ಬ್ಯಾಂಕ್ ಬೇಡ ಅಂದ ಮಾತ್ರಕ್ಕೆ ಮನೆಯ ಆಸೆ ಬಿಡುವವರು ಕಡಿಮೆ. ಅವರು ಹೋಗುವುದು ಗೃಹ ಹಣಕಾಸು ಕಂಪನಿಗಳಿಗೆ, ಎನ್‌ಬಿಎಫ್‌ಸಿಗಳಿಗೆ, ಅಂದರೆ ಬ್ಯಾಂಕಲ್ಲದ ಹಣಕಾಸು ಸಂಸ್ಥೆಗಳಿಗೆ. ಅಲ್ಲಿ ಸಾಲ ಸಿಗಬಹುದು, ಬಡ್ಡಿ ಜಾಸ್ತಿ.

ಒಂದು ಲೆಕ್ಕ ಹಾಕೋಣ. 40 ಲಕ್ಷ ರೂಪಾಯಿ ಸಾಲ, 20 ವರ್ಷ. ಬಡ್ಡಿ ಶೇ 8 ಆದರೆ ತಿಂಗಳ ಕಂತು ಸುಮಾರು 33,460 ರೂಪಾಯಿ. ಅದೇ ಸಾಲ ಶೇ 10.5ಕ್ಕೆ ಸಿಕ್ಕರೆ ಸುಮಾರು 39,940. ತಿಂಗಳಿಗೆ 6,480 ರೂಪಾಯಿ ಹೆಚ್ಚು, 20 ವರ್ಷಕ್ಕೆ ಹದಿನೈದೂವರೆ ಲಕ್ಷ. ಹಿಂದೆ ಒಂದೋ ಎರಡೋ ಲಕ್ಷದ ಕಾರ್ಡ್ ಬಾಕಿ ಅರ್ಧಕ್ಕೆ ಇಳಿಸಿಕೊಂಡವನಿಗೆ ಆ ರಿಯಾಯಿತಿ ಎಷ್ಟು ದುಬಾರಿಯಾಯಿತು ನೋಡಿ.

ಬಡ್ಡಿ ಒಂದೇ ಅಲ್ಲ. 30 ಲಕ್ಷದಿಂದ 75 ಲಕ್ಷದವರೆಗಿನ ಮನೆ ಸಾಲದಲ್ಲಿ ಮನೆ ಬೆಲೆಯ ಶೇ 80ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಬಿಡುತ್ತದೆ. ಅನುಮಾನ ಇರುವ ಗಿರಾಕಿಗೆ ಶೇ 65 ಮಾತ್ರ ಕೊಡುತ್ತೇವೆ ಅಂದರೆ 50 ಲಕ್ಷದ ಫ್ಲ್ಯಾಟಿಗೆ ಏಳೂವರೆ ಲಕ್ಷ ಹೆಚ್ಚು ಹೊಂದಿಸಬೇಕು. ಅದು ಎಲ್ಲಿಂದ ಬರುತ್ತದೆ? ಒಡವೆ ಅಡ ಇಡುತ್ತಾರೆ, ಚೀಟಿ ಕೂಗಿ ಎತ್ತುತ್ತಾರೆ, ನೆಂಟರ ಹತ್ತಿರ ಕೈಸಾಲ ಮಾಡುತ್ತಾರೆ. ಕೈಸಾಲ, ಚೀಟಿಯ ಕಂತು ಯಾವ ಸಿಬಿಲ್ ವರದಿಯಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ. ಸಾಲ ಕೊಟ್ಟ ಕಂಪನಿ ತನ್ನ ಅಪಾಯ ಕಡಿಮೆಯಾಯಿತು ಅಂದುಕೊಳ್ಳುತ್ತದೆ. ನಿಜದಲ್ಲಿ ಆ ಮನೆಯ ತಿಂಗಳ ಹೊರೆ ಜಾಸ್ತಿಯಾಗಿರುತ್ತದೆ, ಮತ್ತೆ ಸುಸ್ತಿ ಬೀಳುವ ಸಂಭವವೂ. ಭಯದಿಂದ ಹಾಕಿದ ಷರತ್ತೇ ಭಯವನ್ನು ನಿಜ ಮಾಡುವುದು ಹೀಗೆ.

ಬೆಂಗಳೂರಿನಲ್ಲಿ ಇದರ ಜೊತೆ ಬಿ ಖಾತಾ (ನಿಯಮದ ಅನುಮತಿಗಳು ಪೂರ್ತಿ ಇಲ್ಲದ ಆಸ್ತಿಯ ಪಾಲಿಕೆ ದಾಖಲೆ) ಸೇರಿದರೆ ಮುಗಿಯಿತು. ಬಿ ಖಾತಾ ಆಸ್ತಿಗೆ ದೊಡ್ಡ ಬ್ಯಾಂಕುಗಳು ಮೊದಲೇ ಹಿಂಜರಿಯುತ್ತವೆ. ಕೆಟ್ಟ ವರದಿ, ಬಿ ಖಾತಾ ಎರಡೂ ಇರುವವನಿಗೆ ಬಡ್ಡಿಯ ಬಗ್ಗೆ ಚೌಕಾಸಿ ಮಾಡುವ ಶಕ್ತಿಯೇ ಉಳಿಯುವುದಿಲ್ಲ.

ಹಳ್ಳಿ ಕಡೆಯ ಗೊಂದಲ ಇನ್ನೊಂದು ಬಗೆಯದು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಮೈಕ್ರೋಫೈನಾನ್ಸ್ ಸಾಲವೇ ಹೋಯಿತು ಅಂತ ಕೆಲವು ಕಡೆ ತಿಳಿದುಕೊಂಡರು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳ ಸಾಲ ಎಲ್ಲೂ ಹೋಗಿಲ್ಲ. ಆ ಕಿರುಸಾಲದ ಕಂತು ನಿಲ್ಲಿಸಿದರೆ ಅದೂ ಸಾಲ ಮಾಹಿತಿ ಕಂಪನಿಗಳಲ್ಲಿ ದಾಖಲಾಗುತ್ತದೆ, ಮುಂದೆ ಮನೆ ಕಟ್ಟಲು ಸಾಲ ಕೇಳಿದಾಗ ಎದುರಿಗೆ ಬರುತ್ತದೆ.

ಸದ್ಯಕ್ಕೆ ಕೈಯಲ್ಲಿರುವುದು

ವರದಿ ತೆಗೆದು ನೋಡುವುದು ಮೊದಲ ಕೆಲಸ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದರಲ್ಲಿ ಸರಿ ಇದ್ದದ್ದು ಇನ್ನೊಂದರಲ್ಲಿ ತಪ್ಪಿರಬಹುದು. ತಪ್ಪಿದ್ದರೆ ದೂರು ಕೊಟ್ಟು 30 ದಿನದೊಳಗೆ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳಬಹುದು. ಆಮೇಲೂ ಆಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ.

ಮಾಹಿತಿ ಸರಿಯಾಗಿಯೇ ಇದ್ದು, ಸೆಟಲ್ಡ್ ಎಂಬುದೇ ತೊಂದರೆಯಾದರೆ ಹಳೇ ಬ್ಯಾಂಕಿಗೆ ಹೋಗಿ ಅಂದು ಬಿಟ್ಟುಕೊಟ್ಟ ಮೊತ್ತವನ್ನು ಕಟ್ಟುತ್ತೇನೆ, ಕ್ಲೋಸ್ಡ್ ಅಂತ ಬದಲಿಸಿ ಅಂತ ಕೇಳಬಹುದು. ಎಷ್ಟೋ ಬ್ಯಾಂಕುಗಳು ಒಪ್ಪುತ್ತವೆ. ಆದರೆ ಇದು ಸಾಲಗಾರನ ಹಕ್ಕಲ್ಲ, ಬ್ಯಾಂಕಿನ ಮರ್ಜಿ. ಹಾಗಾಗಿ ದುಡ್ಡು ಕಟ್ಟುವ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ಬಾಯಿಮಾತು ನಂಬಿ ಕಟ್ಟಿದರೆ ದುಡ್ಡೂ ಹೋಗಿ ಪದವೂ ಉಳಿದೀತು.

ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ ಅಂತ ಜಾಹೀರಾತು ಹಾಕುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಸಾಲ ಮಾಹಿತಿ ಕಂಪನಿಯೇ ದಾಖಲೆ ಬದಲಿಸಲು ಆಗುವುದಿಲ್ಲ, ಇವರೇನು ಮಾಡಿಯಾರು?

ಹೆಂಡತಿ ಅಥವಾ ಗಂಡನ ಹೆಸರಲ್ಲಿ ಸಾಲ ತೆಗೆಯುವ ಉಪಾಯ ಎಲ್ಲರ ಬಾಯಲ್ಲಿದೆ. ಅವರ ಸಂಬಳ ಒಂದರ ಮೇಲೆಯೇ ಸಾಲ ಸಿಗುವಂತಿದ್ದರೆ, ಮನೆಯೂ ಅವರೊಬ್ಬರ ಹೆಸರಿಗೇ ಆಗುವುದಾದರೆ ಸರಿ. ಆದರೆ ಮನೆ ಇಬ್ಬರ ಹೆಸರಿನಲ್ಲಿ ಆದರೆ ಬ್ಯಾಂಕ್ ಸಾಮಾನ್ಯವಾಗಿ ಇಬ್ಬರನ್ನೂ ಅರ್ಜಿದಾರರನ್ನಾಗಿ ಸೇರಿಸುತ್ತದೆ, ಆಗ ಇಬ್ಬರ ವರದಿಯೂ ಹೊರಗೆ ಬರುತ್ತದೆ.

ಹತ್ತು ಕಡೆ ಅರ್ಜಿ ಹಾಕುವುದಂತೂ ಬೇಡ. ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ, ಸಾಲಕ್ಕೆ ಹಸಿದವನಂತೆ ಕಾಣಿಸುತ್ತದೆ. ಬದಲಿಗೆ ಒಂದು ಸಣ್ಣ ಸಾಲ, ಠೇವಣಿಯ ಮೇಲೆ ಕೊಡುವ ಕಾರ್ಡ್ ಆದರೂ ಸಾಕು, ಒಂದೆರಡು ವರ್ಷ ತಪ್ಪದೆ ಕಟ್ಟಿ 000 ಚೌಕಗಳನ್ನು ಕೂಡಿಸುವುದು ಒಳ್ಳೆಯದು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕಾಗಿರುವುದರಿಂದ ಒಳ್ಳೆಯ ನಡವಳಿಕೆ ಈಗ ಬೇಗ ಕಾಣುತ್ತದೆ. ತಪ್ಪಿದ ಕಂತೂ ಅಷ್ಟೇ ಬೇಗ ಕಾಣುತ್ತದೆ.

ಮುಂದೆ ಬರುವ ದಿನಾಂಕ

ಬದಲಾವಣೆ ಎರಡು ಕಡೆಯಿಂದ ಬರಬಹುದು. ಕೇಂದ್ರ ಸರ್ಕಾರ ದಿವಾಳಿ ಸಂಹಿತೆಯ ಮೂರನೇ ಭಾಗವನ್ನು ಎಲ್ಲ ವ್ಯಕ್ತಿಗಳಿಗೂ ಜಾರಿ ಮಾಡಬಹುದು. ಅದಕ್ಕೆ ನ್ಯಾಯಮಂಡಳಿಗಳನ್ನು ಮೊದಲು ಹೆಚ್ಚಿಸಬೇಕು, ಇಲ್ಲದಿದ್ದರೆ ಅರ್ಜಿಗಳು ಅಲ್ಲೇ ಕೊಳೆಯುತ್ತವೆ. ಇನ್ನೊಂದು ದಾರಿ ಸುಲಭದ್ದು: ಕೂಲಿಂಗ್ ಪೀರಿಯಡ್‌ಗೂ, ದಾಖಲೆ ತೋರಿಸುವ ಅವಧಿಗೂ ರಿಸರ್ವ್ ಬ್ಯಾಂಕ್ ಒಂದು ಗರಿಷ್ಠ ಇಡುವುದು. ಹೊಸ ಕೋರ್ಟ್ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಾಗಲಿಕ್ಕಿಲ್ಲ. ಬ್ಯಾಂಕುಗಳು ಬಡ್ಡಿ ಸ್ವಲ್ಪ ಹೆಚ್ಚಿಟ್ಟುಕೊಂಡು ಅಪಾಯ ಸರಿದೂಗಿಸಿಕೊಳ್ಳಲಿ, ಆದರೆ ಇಂತಿಷ್ಟು ವರ್ಷದ ಹಿಂದಿನ ರಾಜಿಯೊಂದನ್ನೇ ಹಿಡಿದು ಅರ್ಜಿ ತಳ್ಳಬಾರದು ಅಂದರೆ ಸಾಕಾಗುತ್ತದೆ.

ಈ ಪ್ರಶ್ನೆ ಜೋರಾಗುವ ಸಮಯವೂ ಹತ್ತಿರದಲ್ಲೇ ಇದೆ. ಕೋವಿಡ್ ಹೊಡೆತಕ್ಕೆ 2020, 2021ರಲ್ಲಿ ಸಾಲ ಸೆಟಲ್ ಮಾಡಿಕೊಂಡವರಿಗೆ 2027, 2028ರಲ್ಲಿ 7 ವರ್ಷ ತುಂಬುತ್ತದೆ. ವರದಿಯಿಂದ ಆ ಪದ ಹೋಗಿರುತ್ತೆ ಅಂದುಕೊಂಡು ಅವರು ಬ್ಯಾಂಕಿಗೆ ಬರುತ್ತಾರೆ. ಅಷ್ಟರೊಳಗೆ ನಿಯಮ ಬದಲಾಗದಿದ್ದರೆ ಅದನ್ನು ಅಳಿಸುವ ಹೊಣೆ ಆಗಲೂ ಯಾರ ಮೇಲೂ ಇರುವುದಿಲ್ಲ.